ನ್ಯೂಯಾರ್ಕ್ ಬೆಂಚಿನ ಮೇಲೆ ಕೂರಿಸಿತು, ಬೀಜಿಂಗ್ ಪ್ರತಿಮೆ ನಿಲ್ಲಿಸಿತು



ಇವತ್ತು ರಾಜಕೀಯ ಇಲ್ಲ. ಯಾರ ರಾಜೀನಾಮೆಯೂ ಇಲ್ಲ, ಯಾವ ರೆಸಾರ್ಟೂ ಇಲ್ಲ. ಇವತ್ತು ಒಬ್ಬ ಆಟಗಾರನ ಕಥೆ ಹೇಳ್ತೀನಿ. ಕ್ರಿಕೆಟ್ ಆಟಗಾರ ಅಲ್ಲ. ಹಾಗಂತ ರಿಮೋಟ್ ಕೈಗೆ ತಗೋಬೇಡಿ, ಸ್ವಲ್ಪ ಹೊತ್ತು ಕೂತು ಕೇಳಿ. ನಿಮ್ಮ ಮನೆಯಲ್ಲಿ ಕೆಲಸ ಕಳೆದುಕೊಂಡ ಮಗ ಇದ್ದರೆ, 'ಇಲ್ಲಿ ನನಗೆ ಬೆಲೆನೇ ಇಲ್ಲ' ಅಂತ ಒಳಗೊಳಗೇ ಕುದಿಯುತ್ತಿರೋ ಮಗಳು ಇದ್ದರೆ, ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡು ದೃಶ್ಯಗಳನ್ನು ಕಣ್ಣಮುಂದೆ ತಂದುಕೊಳ್ಳಿ.

ಮೊದಲನೆಯದು 2008ರ ಕೊನೆಯ ತಿಂಗಳುಗಳು. ನ್ಯೂಯಾರ್ಕ್ ನಗರ. ಬ್ಯಾಸ್ಕೆಟ್‌ಬಾಲ್‌ನ ಕಾಶಿ ಅಂತಲೇ ಕರೆಯಬಹುದಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅದೇ ಊರಲ್ಲಿ ಹುಟ್ಟಿ, ಅದೇ ಊರಿನ ಬೀದಿಯಲ್ಲಿ ಆಟ ಕಲಿತ ಒಬ್ಬ ಆಟಗಾರ. ಆ ವರ್ಷ ಅವನ ಸಂಬಳ 2 ಕೋಟಿ ಡಾಲರ್‌ಗಿಂತ ಹೆಚ್ಚು. ಆದರೆ ಅವನನ್ನು ಆಡಿಸುತ್ತಿಲ್ಲ. ಸಂಬಳ ತಗೋ, ಅಂಗಳಕ್ಕೆ ಮಾತ್ರ ಇಳೀಬೇಡ. ತವರಿನ ಪ್ರೇಕ್ಷಕರೇ ಅವನನ್ನು ಕಂಡರೆ ಕೂಗಿ ಅಣಕಿಸುತ್ತಿದ್ದ ಕಾಲ ಅದು.

ಎರಡನೆಯದು 2012. ಚೀನಾದ ರಾಜಧಾನಿ ಬೀಜಿಂಗ್. ವುಕೆಸಾಂಗ್ ಕ್ರೀಡಾಂಗಣದ ಹೊರಗೆ ಒಂದು ಪ್ರತಿಮೆ ಎದ್ದು ನಿಂತಿದೆ. ಯಾರದ್ದು? ಮಾವೋನದ್ದಲ್ಲ. ಚೀನೀ ಆಟಗಾರನದ್ದೂ ಅಲ್ಲ. ನ್ಯೂಯಾರ್ಕ್‌ನಲ್ಲಿ ಬೆಂಚಿನ ಮೇಲೆ ಕೂತಿದ್ದನಲ್ಲ, ಅವನದ್ದೇ!

ಅವನ ಹೆಸರು ಸ್ಟೀಫನ್ ಮಾರ್ಬರಿ. ಈ ಎರಡು ದೃಶ್ಯಗಳ ನಡುವೆ ಇರೋದು ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ಏನು ಬದಲಾಯ್ತು? ಆಟಗಾರ ಬದಲಾದನಾ, ಊರು ಬದಲಾಯ್ತಾ, ಅಥವಾ ನೋಡುವವರ ಕಣ್ಣು ಬದಲಾಯ್ತಾ? ಇವತ್ತಿನ ಪ್ರಶ್ನೆ ಇದೇ.

ಮೊದಲು ಹಿನ್ನೆಲೆ ನೋಡೋಣ.

ನ್ಯೂಯಾರ್ಕ್ ಅಂದ್ರೆ ನಮಗೆ ಗೊತ್ತಿರೋದು ಗಗನಚುಂಬಿ ಕಟ್ಟಡ, ಟೈಮ್ಸ್ ಸ್ಕ್ವೇರ್, ವಾಲ್ ಸ್ಟ್ರೀಟ್. ಅದೇ ನಗರದ ಬ್ರೂಕ್ಲಿನ್‌ನ ದಕ್ಷಿಣದ ತುದಿಯಲ್ಲಿ, ಸಮುದ್ರದ ದಂಡೆಗೆ ಅಂಟಿಕೊಂಡಂತೆ ಕೋನಿ ಐಲೆಂಡ್ ಅಂತ ಒಂದು ಪ್ರದೇಶ ಇದೆ. ಒಂದು ಕಾಲದಲ್ಲಿ ಜಾತ್ರೆಯಂಥ ಮನರಂಜನಾ ಪಾರ್ಕುಗಳಿಗೆ ಹೆಸರಾದ ಜಾಗ. ಆಮೇಲೆ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳು ಅಲ್ಲಿ ಸಾಲಾಗಿ ಎದ್ದವು. 1977ರ ಫೆಬ್ರವರಿ 20ರಂದು ಹುಟ್ಟಿದ ಮಾರ್ಬರಿ ಬೆಳೆದದ್ದು ಅಲ್ಲೇ. ಏಳು ಮಕ್ಕಳಲ್ಲಿ ಆರನೆಯವನು.

ಅಣ್ಣಂದಿರೂ ಒಳ್ಳೆಯ ಆಟಗಾರರೇ. ಒಬ್ಬೊಬ್ಬರೂ ಕಾಲೇಜು ಮಟ್ಟದವರೆಗೆ ಹೋದರು. ಆದರೆ ಎನ್‌ಬಿಎ ಅನ್ನೋ ದೊಡ್ಡ ಬಾಗಿಲು ಒಬ್ಬರಿಗೂ ತೆರೆಯಲಿಲ್ಲ. ಹಾಗಾಗಿ ಇಡೀ ಕುಟುಂಬದ ಆಸೆ ಈ ಹುಡುಗನ ಹೆಗಲಿಗೆ ಬಂತು. ಲಿಂಕನ್ ಹೈಸ್ಕೂಲಿಗೆ ಸೇರುವ ಹೊತ್ತಿಗೇ ಇವನ ಹೆಸರು ನಗರದಲ್ಲಿ ಓಡಾಡುತ್ತಿತ್ತು. ಡಾರ್ಸಿ ಫ್ರೇ ಅನ್ನೋ ಪತ್ರಕರ್ತ ಆ ಶಾಲೆಯ ಹುಡುಗರ ಬಗ್ಗೆ 1994ರಲ್ಲಿ 'ದಿ ಲಾಸ್ಟ್ ಶಾಟ್' ಅನ್ನೋ ಪುಸ್ತಕ ಬರೆದರು. ಅದರಲ್ಲಿ ಹೈಸ್ಕೂಲಿಗೆ ಆಗಷ್ಟೇ ಕಾಲಿಟ್ಟ ಮಾರ್ಬರಿ ಇದ್ದಾನೆ. ಮೀಸೆ ಮೂಡೋ ಮೊದಲೇ ಪುಸ್ತಕದಲ್ಲಿ ಪಾತ್ರವಾದ ಹುಡುಗನ ಮೇಲೆ ಎಷ್ಟು ಭಾರ ಇದ್ದಿರಬೇಕು, ಯೋಚಿಸಿ.

ಜಾರ್ಜಿಯಾ ಟೆಕ್‌ನಲ್ಲಿ ಒಂದೇ ವರ್ಷ ಆಡಿದ. 1996ರಲ್ಲಿ ಎನ್‌ಬಿಎ ಆಯ್ಕೆ ಪ್ರಕ್ರಿಯೆ, ಅಂದ್ರೆ ಡ್ರಾಫ್ಟ್. ಅಲೆನ್ ಐವರ್ಸನ್, ಕೋಬಿ ಬ್ರಯಾಂಟ್ ಆಯ್ಕೆಯಾದ ವರ್ಷ ಅದು. ನಾಲ್ಕನೆಯ ಆಯ್ಕೆ ಮಾರ್ಬರಿ. ಮಿಲ್ವಾಕೀ ತಂಡ ಆರಿಸಿಕೊಂಡು, ಅದೇ ರಾತ್ರಿ ರೇ ಅಲೆನ್ ಅನ್ನೋ ಆಟಗಾರನಿಗೆ ಬದಲಾಗಿ ಮಿನ್ನೆಸೋಟಾ ತಂಡಕ್ಕೆ ಕೊಟ್ಟುಬಿಟ್ಟಿತು. ವಿಚಿತ್ರ ನೋಡಿ, ಎರಡು ವರ್ಷದ ನಂತರ ನಿರ್ದೇಶಕ ಸ್ಪೈಕ್ ಲೀ ಕೋನಿ ಐಲೆಂಡ್‌ನ ಬ್ಯಾಸ್ಕೆಟ್‌ಬಾಲ್ ಹುಡುಗನ ಬಗ್ಗೆ ಒಂದು ಸಿನಿಮಾ ಮಾಡಿದರು. ಆ ಹುಡುಗನ ಪಾತ್ರ ಮಾಡಿದ್ದು ಯಾರು? ಅದೇ ರೇ ಅಲೆನ್!

ಮಾರ್ಬರಿ ಆಟದಲ್ಲಿ ಕಮ್ಮಿ ಇರಲಿಲ್ಲ. ಸ್ಥಾನ ಪಾಯಿಂಟ್ ಗಾರ್ಡ್. ಕ್ರಿಕೆಟ್ ಭಾಷೆಯಲ್ಲಿ ಹೇಳೋದಾದ್ರೆ ಕ್ಯಾಪ್ಟನ್, ವಿಕೆಟ್ ಕೀಪರ್ ಎರಡೂ ಸೇರಿದ ಕೆಲಸ. ಚೆಂಡು ತರೋನು ಅವನೇ, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸೋನೂ ಅವನೇ. ಎನ್‌ಬಿಎ ವೃತ್ತಿಯಲ್ಲಿ ಒಂದು ಪಂದ್ಯಕ್ಕೆ ಸರಾಸರಿ 19.3 ಅಂಕ, 7.6 ಅಸಿಸ್ಟ್. 2001 ಮತ್ತು 2003ರಲ್ಲಿ ಆಲ್ ಸ್ಟಾರ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 31 ಅಂಕ, ಆಗಿನ ಅಮೆರಿಕ ತಂಡದ ದಾಖಲೆ.

ಅಂಕಿ ನೋಡಿದರೆ ಹೀರೋ. ಆದರೆ ತಂಡಗಳು ಗೆಲ್ಲುತ್ತಿರಲಿಲ್ಲ. ಮಿನ್ನೆಸೋಟಾದಲ್ಲಿ ಕೆವಿನ್ ಗಾರ್ನೆಟ್ ಅನ್ನೋ ಮಹಾನ್ ಆಟಗಾರ ಜೊತೆಗಿದ್ದ. ಇಬ್ಬರೂ ಒಟ್ಟಿಗಿದ್ದರೆ ಹತ್ತು ವರ್ಷ ಆಳಬಹುದಿತ್ತು. ಗಾರ್ನೆಟ್‌ಗೆ ಸಿಕ್ಕಿದಷ್ಟು ದೊಡ್ಡ ಒಪ್ಪಂದ ತನಗೆ ಸಿಗೋದಿಲ್ಲ ಅಂತ ಗೊತ್ತಾದ ಮೇಲೆ ಮಾರ್ಬರಿ ತಾನಾಗಿಯೇ ಹೊರಬಂದ. ನ್ಯೂಜೆರ್ಸಿಗೆ ಹೋದ. ಅಲ್ಲಿ ಕಾಲಿಗೆ ಸುತ್ತೋ ಟೇಪಿನ ಮೇಲೆ 'ಆಲ್ ಅಲೋನ್', ಅಂದ್ರೆ 'ಒಬ್ಬಂಟಿ' ಅಂತ ಬರೆದುಕೊಂಡು ಆಡಿದ. ಐದು ಜನ ಆಡುವ ಆಟದಲ್ಲಿ ಒಬ್ಬ ಹೀಗೆ ಬರೆದುಕೊಂಡರೆ ಉಳಿದ ನಾಲ್ವರಿಗೆ ಏನನ್ನಿಸಬೇಕು? ಆಮೇಲೆ ಫೀನಿಕ್ಸ್. ಕೊನೆಗೆ 2004ರ ಜನವರಿಯಲ್ಲಿ ಹುಟ್ಟೂರಿನ ನ್ಯೂಯಾರ್ಕ್ ನಿಕ್ಸ್.

ಮನೆಮಗ ಮನೆಗೆ ಬಂದ ಅಂತ ಊರು ಸಂಭ್ರಮಿಸಿತು. ಆ ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಕೋಚ್ ಲ್ಯಾರಿ ಬ್ರೌನ್ ಜೊತೆ ಬಹಿರಂಗ ಜಗಳ. 2005–06ರ ಸೀಸನ್‌ನಲ್ಲಿ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು 23. ಮುಂದಿನ ಕೋಚ್ ಐಸೇಯಾ ಥಾಮಸ್ ಜೊತೆಗೂ ಜಗಳ. ಒಮ್ಮೆಯಂತೂ ತಂಡ ಬಿಟ್ಟು ವಿಮಾನ ಹತ್ತಿ ಮನೆಗೆ ಹೋಗಿಬಿಟ್ಟ. ನಿಕ್ಸ್ ಸಂಸ್ಥೆಯ ವಿರುದ್ಧ ಒಬ್ಬ ಮಹಿಳಾ ಅಧಿಕಾರಿ ಹೂಡಿದ ಲೈಂಗಿಕ ಕಿರುಕುಳದ ಮೊಕದ್ದಮೆಯಲ್ಲಿ ಮಾರ್ಬರಿ ಸಾಕ್ಷಿ ಹೇಳಬೇಕಾಗಿ ಬಂದು, ಅವನ ಸ್ವಂತ ನಡತೆಯೂ ನ್ಯಾಯಾಲಯದಲ್ಲಿ ಹರಾಜಾಯ್ತು. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಈತ ಏನೂ ತಿಳಿಯದ ಅಮಾಯಕ ಅಂತ ನೀವು ತಿಳೀಬಾರದು. ಅರ್ಧ ಬೆಂಕಿ ಇವನೇ ಹಚ್ಚಿಕೊಂಡದ್ದು.

ಆದರೆ ಅದೇ ಅವಧಿಯ ಇನ್ನೊಂದು ವಿಷಯ ಕೇಳಿ. 2006ರಲ್ಲಿ ಈತ 'ಸ್ಟಾರ್‌ಬರಿ' ಅನ್ನೋ ಹೆಸರಲ್ಲಿ ಶೂ ತಂದ. ಬೆಲೆ 14 ಡಾಲರ್ 98 ಸೆಂಟ್. ದೊಡ್ಡ ಆಟಗಾರರ ಹೆಸರಿನ ಶೂ ನೂರು, ನೂರೈವತ್ತು ಡಾಲರ್‌ಗೆ ಮಾರಾಟವಾಗುತ್ತಿದ್ದ ಕಾಲ. ಬಡ ತಾಯಂದಿರು ಬಾಡಿಗೆ ದುಡ್ಡಿನಲ್ಲಿ ಮಕ್ಕಳಿಗೆ ಶೂ ಕೊಡಿಸೋದನ್ನ ಕೋನಿ ಐಲೆಂಡ್‌ನ ಹುಡುಗ ನೋಡದೇ ಇರ್ತಾನಾ? ಆಗಿನ ಲೆಕ್ಕದಲ್ಲಿ ನಮ್ಮ ಏಳುನೂರು ರೂಪಾಯಿ ಒಳಗೆ ಒಂದು ಜೊತೆ. ಅದನ್ನೇ ಹಾಕಿಕೊಂಡು ತಾನೂ ಎನ್‌ಬಿಎ ಪಂದ್ಯಗಳನ್ನು ಆಡಿದ. ಆದರೆ ಅದನ್ನು ಮಾರುತ್ತಿದ್ದ ಅಂಗಡಿ ಜಾಲವೇ 2008ರಲ್ಲಿ ದಿವಾಳಿ ಎದ್ದಿತು. ಶೂ ಕಥೆ ಅಲ್ಲಿಗೆ ನಿಂತಿತು.

ಅದಕ್ಕೂ ಮೊದಲು, 2007ರ ಡಿಸೆಂಬರ್‌ನಲ್ಲಿ, ಮಗ ಆಡುತ್ತಿದ್ದ ಪಂದ್ಯ ನೋಡಲು ಗಾರ್ಡನ್‌ಗೆ ಬಂದಿದ್ದ ತಂದೆಗೆ ಎದೆನೋವು ಕಾಣಿಸಿಕೊಂಡಿತು. ಅವತ್ತೇ ತೀರಿಕೊಂಡರು. ಮಗನಿಗೆ ಸುದ್ದಿ ತಿಳಿದದ್ದು ಪಂದ್ಯ ಮುಗಿದ ಮೇಲೆ.

ತಂದೆ ಹೋದರು. ವ್ಯಾಪಾರ ಹೋಯ್ತು. ಹೊಸ ಕೋಚ್ ಮೈಕ್ ಡಿ'ಆಂಟೋನಿ ಬಂದವರು ಇವನನ್ನು ಕೂರಿಸಿಯೇಬಿಟ್ಟರು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ 'ಬೆಂಚ್' ಅನ್ನೋ ಪದ ಬಿಡಿಸಿ ಹೇಳಬೇಕಾಗಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಜೊತೆಯಲ್ಲಿ ಓದಿದ ಎಷ್ಟೋ ಜನ ಬೆಂಚಿನ ಮೇಲೆ ಕೂತದ್ದನ್ನು ನೋಡಿದ್ದೀನಿ. ಬೆಳಗ್ಗೆ ಐಡಿ ಕಾರ್ಡ್ ಹಾಕಿಕೊಂಡು ಹೋಗ್ತಾರೆ, ಸಂಬಳವೂ ಬರುತ್ತೆ, ಕೆಲಸ ಮಾತ್ರ ಇರೋದಿಲ್ಲ. ಹೊರಗಿನವರು 'ನಿನಗೇನಪ್ಪಾ ಆರಾಮ' ಅಂತಾರೆ. ಒಳಗಿನ ಸಂಕಟ ಅನುಭವಿಸಿದವನಿಗೇ ಗೊತ್ತು. ಮನುಷ್ಯನಿಗೆ ಊಟದಷ್ಟೇ ಮುಖ್ಯ, ತಾನು ಯಾರಿಗೋ ಬೇಕು ಅನ್ನೋ ಭಾವನೆ.

2009ರ ಫೆಬ್ರವರಿಯಲ್ಲಿ ನಿಕ್ಸ್ ಲೆಕ್ಕ ಚುಕ್ತಾ ಮಾಡಿ ಕಳುಹಿಸಿತು. ಬಾಸ್ಟನ್‌ನಲ್ಲಿ ಕೆಲವು ಪಂದ್ಯ ಆಡಿದ. ಆ ಬೇಸಿಗೆಯಲ್ಲಿ ನಡೆದದ್ದನ್ನು ಅಮೆರಿಕ ಇವತ್ತಿಗೂ ಮರೆತಿಲ್ಲ. ಮನೆಯಲ್ಲಿ ಕ್ಯಾಮೆರಾ ಇಟ್ಟು ದಿನದ 24 ಗಂಟೆ ತನ್ನನ್ನೇ ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡಿಕೊಂಡ. ಅತ್ತ. ಹಾಡಿದ. ಗಂಟಲು ನೋವಿಗೆ ಮನೆಮದ್ದು ಅಂತ ವ್ಯಾಸಲೀನ್ ತಿಂದ. ಆ ತುಣುಕು ಜಗತ್ತೆಲ್ಲ ಸುತ್ತಿತು. ಜನ ನಕ್ಕರು. 'ಹುಚ್ಚು ಹಿಡಿದಿದೆ' ಅಂದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಾನು ಟಿವಿಯಲ್ಲಿ ಕೆಲಸ ಮಾಡುವವನು. ಒಬ್ಬ ಮನುಷ್ಯ ಕ್ಯಾಮೆರಾ ಮುಂದೆ ಕುಸಿಯೋದು ಎಷ್ಟು 'ಓಡುತ್ತೆ' ಅಂತ ಈ ವೃತ್ತಿಯಲ್ಲಿ ಇರೋ ಎಲ್ಲರಿಗೂ ಗೊತ್ತು. ಅದೇ ತುಣುಕು, ಕೆಂಪು ವೃತ್ತ, ಬಾಣದ ಗುರುತು, ಹಿನ್ನೆಲೆ ಸಂಗೀತ. ಮಾರ್ಬರಿ ಆಮೇಲೆ ವರ್ಷಗಳು ಕಳೆದ ಮೇಲೆ ಒಂದು ಟಿವಿ ಸಂದರ್ಶನದಲ್ಲಿ, ಆ ದಿನಗಳಲ್ಲಿ ತನಗೆ ಸಾಯಬೇಕು ಅನ್ನಿಸಿತ್ತು ಅಂತ ಹೇಳಿಕೊಂಡ. ನಗುತ್ತಾ ಆ ವಿಡಿಯೊ ಫಾರ್ವರ್ಡ್ ಮಾಡಿದ ಎಷ್ಟು ಜನಕ್ಕೆ ಅದು ಗೊತ್ತಿತ್ತು? ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರೆ. ಈಗ ಕಲ್ಲು ಎತ್ತೋ ಶ್ರಮವೂ ಇಲ್ಲ, ಹೆಬ್ಬೆರಳು ಒತ್ತಿದರೆ ಸಾಕು.

ಸರಿ. ಮುಂದೆ ಏನಾಯ್ತು?

2010ರ ಜನವರಿ. 32 ವರ್ಷದ ಮಾರ್ಬರಿ ಚೀನಾದ ಶಾಂಕ್ಸಿ ಪ್ರಾಂತ್ಯದ ತೈಯುವಾನ್ ನಗರಕ್ಕೆ ಬಂದಿಳಿದ. ಕಲ್ಲಿದ್ದಲು, ಉಕ್ಕು, ಹೊಗೆ, ಮೈ ಕೊರೆಯುವ ಚಳಿ. ಶಾಂಘೈನ ಝಗಮಗ ಅಲ್ಲಿಲ್ಲ. ಅಲ್ಲಿನ ಬ್ರೇವ್ ಡ್ರ್ಯಾಗನ್ಸ್ ತಂಡ ಲೀಗ್‌ನ ದೊಡ್ಡ ತಂಡವೇನಲ್ಲ. ಚೀನೀ ಬ್ಯಾಸ್ಕೆಟ್‌ಬಾಲ್ ಲೀಗ್, ಅಂದ್ರೆ ಸಿಬಿಎ, ಶುರುವಾದದ್ದು 1995ರಲ್ಲಿ. ಯಾವೋ ಮಿಂಗ್ ಅನ್ನೋ ದೈತ್ಯ ಅಲ್ಲಿಂದಲೇ 2002ರಲ್ಲಿ ಎನ್‌ಬಿಎಗೆ ಹೋದ ಮೇಲೆ ಚೀನಾದ ಹಳ್ಳಿಹಳ್ಳಿಗೂ ಈ ಆಟದ ಹುಚ್ಚು ಹತ್ತಿತ್ತು. ಆದರೂ ಅಮೆರಿಕನ್ನರ ಕಣ್ಣಲ್ಲಿ ಅದು ವೃತ್ತಿಯ ಕೊನೆಯ ನಿಲ್ದಾಣ. ಅಲ್ಲಿಗೆ ಹೋದವರು ಒಂದು ಸೀಸನ್ ಆಡಿ, ಚೆಕ್ ತಗೊಂಡು, ಮುಂದಿನ ವಿಮಾನಕ್ಕೆ ವಾಪಸ್.

ಮಾರ್ಬರಿಯೂ ಶೂ ಮಾರುಕಟ್ಟೆಯ ಲೆಕ್ಕಾಚಾರ ಇಟ್ಟುಕೊಂಡೇ ಬಂದವನು. ಆದರೆ ವಿಮಾನ ನಿಲ್ದಾಣದಲ್ಲಿ ಜನ ಅವನಿಗಾಗಿ ಕಾದು ನಿಂತಿದ್ದರು. ವ್ಯಾಸಲೀನ್ ವಿಡಿಯೊ ಅವರಿಗೆ ಬೇಕಾಗಿರಲಿಲ್ಲ. ಅವರ ಪಾಲಿಗೆ ಈತ ಎನ್‌ಬಿಎ ಆಲ್ ಸ್ಟಾರ್. ಅಷ್ಟೇ. ಬಂದ ವರ್ಷವೇ ಸಿಬಿಎ ಆಲ್ ಸ್ಟಾರ್ ಪಂದ್ಯದ ಅತ್ಯುತ್ತಮ ಆಟಗಾರ ಆದ. ಶಾಂಕ್ಸಿಯಲ್ಲಿ ಮುಂದುವರಿಯಲು ಆಗಲಿಲ್ಲ. ಮುಂದಿನ ಸೀಸನ್ ದಕ್ಷಿಣದ ಫೋಷಾನ್ ತಂಡ. ಅಲ್ಲೂ ನೆಲೆ ನಿಲ್ಲಲಿಲ್ಲ. 2011ರಲ್ಲಿ ಮೂರನೆಯ ಊರು ಬೀಜಿಂಗ್, ತಂಡದ ಹೆಸರು ಬೀಜಿಂಗ್ ಡಕ್ಸ್.

ರಾಜಧಾನಿಯ ತಂಡ ಅನ್ನೋ ಹೆಸರು ಬಿಟ್ಟರೆ ಸಿಬಿಎ ಪ್ರಶಸ್ತಿ ಒಂದೂ ಗೆದ್ದಿರಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಗುವಾಂಗ್‌ಡಾಂಗ್. ಹಿಂದಿನ ಎಂಟು ಸೀಸನ್‌ಗಳಲ್ಲಿ ಏಳು ಬಾರಿ ಚಾಂಪಿಯನ್ ಆದ ತಂಡ. 2012ರ ಮಾರ್ಚ್ ಕೊನೆಯಲ್ಲಿ ಬೀಜಿಂಗ್ ಆ ಸರಣಿಯನ್ನು 4–1ರಿಂದ ಗೆದ್ದಿತು. ಕೊನೆಯ ಪಂದ್ಯದ ಸ್ಕೋರ್ 124–121. ಮಾರ್ಬರಿ ಒಬ್ಬನದೇ 41 ಅಂಕ. ಪಂದ್ಯ ಮುಗಿದ ಮೇಲೆ ಆತ ಮಗುವಿನ ಹಾಗೆ ಅತ್ತ. ಮೂರು ವರ್ಷದ ಹಿಂದೆ ಅತ್ತದ್ದನ್ನೂ ಜಗತ್ತು ನೋಡಿತ್ತು. ಈ ಸಲ ಯಾರೂ ನಗಲಿಲ್ಲ.

ಅದೇ ವರ್ಷ ಪ್ರತಿಮೆ ಬಂತು. 2014ರಲ್ಲಿ ಎರಡನೆಯ ಪ್ರಶಸ್ತಿ, 2015ರಲ್ಲಿ ಮೂರನೆಯದು. 38ರ ವಯಸ್ಸಿನಲ್ಲಿ 2015ರ ಫೈನಲ್‌ನ ಅತ್ಯುತ್ತಮ ಆಟಗಾರ. ಬೀಜಿಂಗ್ ಅವನನ್ನು ಗೌರವ ನಾಗರಿಕ ಅಂತ ಘೋಷಿಸಿತು. ಅವನ ಬದುಕಿನ ಮೇಲೆ ಒಂದು ಸಂಗೀತ ನಾಟಕ ಬಂತು, ಅದರಲ್ಲಿ ಅವನ ಪಾತ್ರ ಅವನೇ ಮಾಡಿದ. 2015ರ ಕೊನೆಯಲ್ಲಿ ಚೀನಾ ಸರ್ಕಾರ ಕಾಯಂ ನಿವಾಸದ ಕಾರ್ಡ್ ಕೊಟ್ಟಿತು. ಅಮೆರಿಕದ ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯೋ ನಮ್ಮವರಿಗೆ ಹೇಳ್ತೀನಿ ಕೇಳಿ, ವಿದೇಶಿಯರಿಗೆ ಚೀನಾದ ಗ್ರೀನ್ ಕಾರ್ಡ್ ಸಿಗೋದು ಅದಕ್ಕಿಂತ ಕಷ್ಟ.

ಹಾಗಾದ್ರೆ ಏನು ಬದಲಾಯ್ತು?

ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಮ್ಮ ಗಾದೆ. ಅದು ಅರ್ಧ ಉತ್ತರ. ಪೂರ್ತಿ ಉತ್ತರ ಬೇಕಾದ್ರೆ ಮೂರು ಮಾತು ಹೇಳಬೇಕು.

ಒಂದು, ಪ್ರಾಮಾಣಿಕವಾಗಿ ಹೇಳೋಣ, ಸಿಬಿಎ ಮಟ್ಟ ಎನ್‌ಬಿಎ ಮಟ್ಟ ಅಲ್ಲ. ಒಂದೊಂದು ತಂಡದಲ್ಲಿ ವಿದೇಶಿಯರು ಬೆರಳೆಣಿಕೆಯಷ್ಟು. ಅಲ್ಲಿ 41 ಅಂಕ ಹೊಡೆಯೋದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೊಡೆದ ಹಾಗಲ್ಲ. ಆದರೆ ಅಷ್ಟೇ ಆಗಿದ್ದರೆ ಚೀನಾಕ್ಕೆ ಹೋದ ಪ್ರತಿ ಅಮೆರಿಕನ್ನನಿಗೂ ಪ್ರತಿಮೆ ಬರಬೇಕಿತ್ತು. ಬಂದಿಲ್ಲ.

ಎರಡು, ಆತ ಬದಲಾದ. ಬೀಜಿಂಗ್ ಅಭಿಮಾನಿಗಳು ಅವನಿಗೆ ಇಟ್ಟ ಅಡ್ಡಹೆಸರು 'ಮಾ ಝೆಂಗ್‌ವೇ'. ಅಂದ್ರೆ 'ಕಮಿಸಾರ್ ಮಾ'. ಚೀನೀ ಸೈನ್ಯದಲ್ಲಿ ಪ್ರತಿ ತುಕಡಿಗೂ ಸೈನಿಕರ ಮನಸ್ಸು ಗಟ್ಟಿ ಮಾಡೋಕೆ ಒಬ್ಬ ರಾಜಕೀಯ ಅಧಿಕಾರಿ ಇರ್ತಾನಲ್ಲ, ಆ ಹುದ್ದೆಯ ಹೆಸರು. ಯಾಕೆ ಹಾಗಂದರು? ಕಿರಿಯ ಆಟಗಾರರನ್ನು ಕೂರಿಸಿಕೊಂಡು ಧೈರ್ಯ ಹೇಳೋದು, ಸೋತಾಗ ಬೆನ್ನು ತಟ್ಟೋದು ಇವನ ಕೆಲಸ ಆಗಿತ್ತು. 'ಒಬ್ಬಂಟಿ' ಅಂತ ಟೇಪಿನ ಮೇಲೆ ಬರೆದುಕೊಂಡಿದ್ದವನು ಇವನೇ! ಸಬ್‌ವೇ ರೈಲಿನಲ್ಲಿ ಜನರ ಮಧ್ಯೆ ನಿಂತು ಓಡಾಡಿದ. ಅಲ್ಲಿನ ಪತ್ರಿಕೆಗೆ ಅಂಕಣ ಬರೆದ. ಬಂದ ಊರನ್ನು ತಾತ್ಕಾಲಿಕ ಲಾಡ್ಜ್ ಅಂತ ನೋಡದೆ ಮನೆ ಅಂತ ನೋಡಿದ.

ಮೂರು, ಪರಿಸರ. ಇಂಜಿನಿಯರಿಂಗ್‌ನಲ್ಲಿ ಇದನ್ನು ಸುಲಭವಾಗಿ ವಿವರಿಸಬಹುದು. ಒಂದು ಬಿಡಿಭಾಗ ಒಂದು ಸರ್ಕ್ಯೂಟ್‌ನಲ್ಲಿ ಬಿಸಿಯಾಗಿ ಸುಟ್ಟು ವಾಸನೆ ಬರೋ ಮಟ್ಟಕ್ಕೆ ಹೋಗುತ್ತೆ. ಅದನ್ನೇ ಸರಿಯಾದ ವೋಲ್ಟೇಜ್ ಇರೋ ಇನ್ನೊಂದು ಸರ್ಕ್ಯೂಟ್‌ಗೆ ಹಾಕಿ, ವರ್ಷಗಟ್ಟಲೆ ಕೆಲಸ ಮಾಡುತ್ತೆ. ಭಾಗ ಕೆಟ್ಟಿದೆ ಅಂತ ಎಸೆಯುವ ಮೊದಲು ಸರ್ಕ್ಯೂಟ್ ಪರೀಕ್ಷೆ ಮಾಡು ಅಂತ ಲ್ಯಾಬ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಅದನ್ನು ಮರೆತುಬಿಡ್ತೀವಿ.

ಇನ್ನು ಸ್ವಲ್ಪ ದೊಡ್ಡ ಚಿತ್ರ ನೋಡೋಣ. ಇದು ಮಾರ್ಬರಿ ಒಬ್ಬನ ಕಥೆ ಅಲ್ಲ. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ ಅಂತ ಹಿಡಿದರೆ 450 ಕೆಲಸ. ಇಡೀ ಜಗತ್ತಿಗೆ ಅಷ್ಟೇ! ಅಮೆರಿಕದಲ್ಲಿ ವರ್ಷವರ್ಷವೂ ಸಾವಿರಾರು ಹುಡುಗರು ಕಾಲೇಜು ಬ್ಯಾಸ್ಕೆಟ್‌ಬಾಲ್ ಮುಗಿಸಿ ಹೊರಬರ್ತಾರೆ. ಉಳಿದವರು ಎಲ್ಲಿಗೆ ಹೋಗ್ತಾರೆ? ಸ್ಪೇನ್, ಇಟಲಿ, ಟರ್ಕಿ, ಗ್ರೀಸ್, ಇಸ್ರೇಲ್, ಜಪಾನ್, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾ. ಮಾರ್ಬರಿ ಜೊತೆಗೇ 1996ರಲ್ಲಿ ಆಯ್ಕೆಯಾದ ಕೋಬಿ ಬ್ರಯಾಂಟ್ ಬಾಲ್ಯ ಕಳೆದದ್ದು ಎಲ್ಲಿ ಗೊತ್ತಾ? ಇಟಲಿಯಲ್ಲಿ. ಎನ್‌ಬಿಎ ಅವಕಾಶ ಮುಗಿದ ಮೇಲೆ ಅಪ್ಪ ಜೋ ಬ್ರಯಾಂಟ್ 1984ರಿಂದ 1991ರವರೆಗೆ ಅಲ್ಲಿ ಆಡಿದರು. ಮಗ ಇಟಾಲಿಯನ್ ಭಾಷೆ ಕಲಿತು ಬೆಳೆದ. ನಾವು ಅಮೆರಿಕಕ್ಕೆ ಎಲ್ಲರೂ ದುಡಿಯೋಕೆ ಹೋಗ್ತಾರೆ ಅಂದುಕೊಂಡಿದ್ದೀವಿ. ಅಮೆರಿಕದಿಂದಲೂ ಜನ ಹೊಟ್ಟೆಪಾಡಿಗೆ ಹೊರದೇಶಕ್ಕೆ ಹೋಗ್ತಾರೆ.

ಅಲ್ಲೂ ಮೋಸ ಇದೆ. ಸಂಬಳ ಕೊಡದೆ ಸತಾಯಿಸೋ ಕ್ಲಬ್‌ಗಳು ಎಷ್ಟಿದ್ದವು ಅಂದ್ರೆ, ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫೀಬಾ 2007ರಲ್ಲಿ ಇಂಥ ವ್ಯಾಜ್ಯಗಳಿಗೆಂದೇ ಒಂದು ಪಂಚಾಯ್ತಿ ಮಂಡಳಿ ಮಾಡಬೇಕಾಯ್ತು. ಅದರ ನ್ಯಾಯಪೀಠ ಸ್ವಿಟ್ಜರ್ಲೆಂಡ್‌ನ ಜಿನೀವಾದಲ್ಲಿದೆ. ಗಲ್ಫ್ ದೇಶಗಳಿಗೆ ಹೋಗಿ ಸಂಬಳ ಸಿಗದೆ ಪಾಸ್‌ಪೋರ್ಟ್ ಕೊಟ್ಟು ಕೂತ ನಮ್ಮ ಕರಾವಳಿಯ ಹುಡುಗರ ಕಷ್ಟ ಕೇಳಿದವರಿಗೆ ಇದು ಹೊಸದೇನಲ್ಲ. ಅವರಿಗೆ ಅಂಥ ಪಂಚಾಯ್ತಿ ಮಂಡಳಿ ಇಲ್ಲ ಅನ್ನೋದೇ ವ್ಯತ್ಯಾಸ.

ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. ಅಮೆರಿಕದ ಮಹಿಳಾ ಲೀಗ್‌ನಲ್ಲಿ ಸಂಬಳ ಬಹಳ ಕಡಿಮೆ ಇದ್ದ ಕಾರಣ ದೊಡ್ಡ ದೊಡ್ಡ ಆಟಗಾರ್ತಿಯರು ಚಳಿಗಾಲದಲ್ಲಿ ರಷ್ಯಾ, ಟರ್ಕಿಗೆ ಹೋಗಿ ಆಡುತ್ತಿದ್ದರು. ಡಯಾನಾ ಟೌರಾಸಿ ಅನ್ನೋ ದಿಗ್ಗಜೆಗೆ ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ 2015ರಲ್ಲಿ ಏನಂದಿತು ಗೊತ್ತಾ? 'ಈ ಬೇಸಿಗೆ ಅಮೆರಿಕದಲ್ಲಿ ಆಡಬೇಡ, ವಿಶ್ರಾಂತಿ ತಗೋ, ದುಡ್ಡು ನಾವು ಕೊಡ್ತೀವಿ' ಅಂತ. ಆಕೆ ಒಪ್ಪಿಕೊಂಡು ಸ್ವದೇಶದ ಸೀಸನ್ ಬಿಟ್ಟರು.

ಅದೇ ಕ್ಲಬ್‌ಗೆ ಆಡುತ್ತಿದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿ 17ರಂದು ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದರು. ಬ್ಯಾಗಿನಲ್ಲಿ ಗಾಂಜಾ ಎಣ್ಣೆ ಇದ್ದ ವೇಪ್ ಕಾರ್ಟ್ರಿಡ್ಜ್ ಸಿಕ್ಕಿತು ಅನ್ನೋದು ಆರೋಪ. ಒಂದೇ ವಾರಕ್ಕೆ ಉಕ್ರೇನ್ ಯುದ್ಧ ಶುರುವಾಯ್ತು. ಒಬ್ಬ ಆಟಗಾರ್ತಿ ಎರಡು ದೇಶಗಳ ನಡುವಿನ ದಾಳವಾದಳು. ಆಗಸ್ಟ್‌ನಲ್ಲಿ 9 ವರ್ಷ ಜೈಲು ಶಿಕ್ಷೆ. ಡಿಸೆಂಬರ್ 8ರಂದು ವಿಕ್ಟರ್ ಬೌಟ್ ಅನ್ನೋ ಶಸ್ತ್ರಾಸ್ತ್ರ ವ್ಯಾಪಾರಿಯನ್ನು ಬಿಟ್ಟುಕೊಟ್ಟು ಅಮೆರಿಕ ಆಕೆಯನ್ನು ಬಿಡಿಸಿಕೊಂಡಿತು. ಸ್ವದೇಶದಲ್ಲಿ ಸರಿಯಾದ ಸಂಬಳ ಇದ್ದಿದ್ದರೆ ಆಕೆ ಆ ವಿಮಾನ ಹತ್ತುತ್ತಿದ್ದಳಾ?

ಚೀನಾದ ಪ್ರೀತಿಗೂ ಒಂದು ಷರತ್ತು ಇದೆ. 2019ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ತಂಡದ ವ್ಯವಸ್ಥಾಪಕ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಪ್ರತಿಭಟನಾಕಾರರ ಪರವಾಗಿ ಒಂದೇ ಒಂದು ಟ್ವೀಟ್ ಹಾಕಿದ್ದಕ್ಕೆ ಚೀನಾದ ಸರ್ಕಾರಿ ಟಿವಿ ಎನ್‌ಬಿಎ ಪ್ರಸಾರವನ್ನೇ ನಿಲ್ಲಿಸಿತು. ಅಲ್ಲಿ ಪ್ರತಿಮೆ ಸಿಗುತ್ತೆ, ಆದರೆ ಯಾವ ವಿಷಯಕ್ಕೆ ಬಾಯಿ ತೆರೆಯಬಾರದು ಅನ್ನೋ ಪಟ್ಟಿಯೂ ಜೊತೆಗೇ ಸಿಗುತ್ತೆ. ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದವನಿಗೆ ಕಲ್ಲು ಮುಳ್ಳು ಗೊತ್ತು.

ಇನ್ನೊಂದು ವಿಷಯ. ಬೀಜಿಂಗ್ ಡಕ್ಸ್ ಪ್ರೀತಿಯೂ ಶಾಶ್ವತ ಆಗಿರಲಿಲ್ಲ. 2017ರಲ್ಲಿ ತಂಡ, 'ವಯಸ್ಸಾಯ್ತು, ಆಟ ಬಿಟ್ಟು ಬೇರೆ ಜವಾಬ್ದಾರಿ ತಗೋ' ಅಂದಿತು. ಮಾರ್ಬರಿ ಒಪ್ಪಲಿಲ್ಲ. ಪ್ರತಿಮೆ ಇದ್ದರೂ ಹೊರಗೆ ಬಂದ. ಅದೇ ನಗರದ ಇನ್ನೊಂದು ತಂಡಕ್ಕೆ ಒಂದು ಸೀಸನ್ ಆಡಿ, 2018ರ ಫೆಬ್ರವರಿ 11ರಂದು ನಿವೃತ್ತನಾದ. 41 ತುಂಬೋಕೆ ಒಂಬತ್ತು ದಿನ ಬಾಕಿ ಇತ್ತು. ಮುಂದಿನ ವರ್ಷ ಅದೇ ತಂಡಕ್ಕೆ ಕೋಚ್ ಆಗಿ ಬಂದ. ಇಲ್ಲಿ ಗಮನಿಸಿ, ಈ ಸಲವೂ ತಂಡ ಬೇಡ ಅಂದಿತ್ತು. ಆದರೆ ಈ ಸಲ ಕ್ಯಾಮೆರಾ ಮುಂದೆ ಕುಸಿಯಲಿಲ್ಲ. ಒಂದು ತಂಡ ಬೇಡ ಅಂದರೆ ಬದುಕೇ ಬೇಡ ಅಂತ ಅರ್ಥ ಅಲ್ಲ ಅನ್ನೋದು ಅಷ್ಟೊತ್ತಿಗೆ ಅವನಿಗೆ ಗೊತ್ತಾಗಿತ್ತು. ನನ್ನ ಪ್ರಕಾರ ಚೀನಾ ಅವನಿಗೆ ಕಲಿಸಿದ ದೊಡ್ಡ ಪಾಠ ಅದೇ, ಮೂರು ಟ್ರೋಫಿಗಿಂತ ದೊಡ್ಡದು.

ಕೊನೆಯದಾಗಿ 2020. ಕೊರೊನಾ. ನ್ಯೂಯಾರ್ಕ್‌ನಲ್ಲಿ ಶವಗಳನ್ನು ಇಡೋಕೆ ಜಾಗ ಇಲ್ಲದೆ ಆಸ್ಪತ್ರೆಗಳ ಹೊರಗೆ ಶೀತಲ ಟ್ರಕ್‌ಗಳು ನಿಂತಿದ್ದ ದಿನಗಳು. ವೈದ್ಯರಿಗೇ ಮಾಸ್ಕ್ ಇಲ್ಲ. ಆಗ ಚೀನಾದ ತಯಾರಕರ ಜೊತೆ ಮಾತಾಡಿ, ಆಗಿನ ಮಾರುಕಟ್ಟೆ ದರಕ್ಕಿಂತ ತುಂಬಾ ಕಡಿಮೆ ಬೆಲೆಗೆ ಒಂದು ಕೋಟಿ ಮಾಸ್ಕ್‌ಗಳನ್ನು ನ್ಯೂಯಾರ್ಕ್‌ಗೆ ಕೊಡಿಸಲು ಓಡಾಡಿದವನು ಯಾರು? ಸ್ಟೀಫನ್ ಮಾರ್ಬರಿ. ತನ್ನನ್ನು ಅಣಕಿಸಿದ ಊರಿಗೆ. 14 ಡಾಲರ್ ಶೂ ಮಾರಿದ ಅದೇ ಹುಡುಗ.

ವೀಕ್ಷಕರೇ, ನಾನು ಎಲ್ಲರೂ ಗಂಟುಮೂಟೆ ಕಟ್ಟಿ ವಿದೇಶಕ್ಕೆ ಹೋಗಿ ಅಂತ ಹೇಳ್ತಿಲ್ಲ. ಗ್ರೈನರ್ ಕಥೆ ಹೇಳಿದ್ದೇ ಅದಕ್ಕೆ. ತಂಡ ನಡೆಸುವವರಿಗೆ, ಕಂಪನಿ ನಡೆಸುವವರಿಗೆ ಒಂದು ಮಾತು. ಒಬ್ಬನನ್ನು ಬೇಡ ಅನ್ನೋ ಹಕ್ಕು ನಿಮಗಿದೆ. ಆದರೆ ಅವನನ್ನು ಬೆಂಚಿನ ಮೇಲೆ ಕೂರಿಸಿ ತಿಂಗಳುಗಟ್ಟಲೆ ಕೊಳೆಸೋ ಹಕ್ಕಿಲ್ಲ. ಮುಖ ನೋಡಿ ಮಾತಾಡಿ, ಗೌರವದಿಂದ ಕಳುಹಿಸಿ.

ಬೆಂಚಿನ ಮೇಲೆ ಕೂತಿರುವವರಿಗೆ ಇನ್ನೊಂದು ಮಾತು. ಮೊದಲು ಕಾಲಿನ ಟೇಪಿನ ಮೇಲೆ 'ಒಬ್ಬಂಟಿ' ಅಂತ ಬರೆದುಕೊಂಡಿದ್ದೀರಾ ನೋಡಿಕೊಳ್ಳಿ. ಬರೆದುಕೊಂಡಿದ್ದರೆ ಕಿತ್ತುಹಾಕಿ. ಮನಸ್ಸು ತೀರಾ ಭಾರ ಆಗಿದ್ದರೆ ಕ್ಯಾಮೆರಾ ಆನ್ ಮಾಡಬೇಡಿ, ಹತ್ತಿರದವರನ್ನು ಕರೀರಿ, ವೈದ್ಯರ ಹತ್ತಿರ ಹೋಗಿ. ನಾಚಿಕೆ ಪಡೋ ವಿಷಯ ಅಲ್ಲ. ಆಮೇಲೆ ಇನ್ನೊಂದು ಸರ್ಕ್ಯೂಟ್ ಹುಡುಕಿ. ಅದು ಬೀಜಿಂಗ್ ಆಗಬೇಕಿಲ್ಲ, ಪಕ್ಕದ ಬೀದಿಯಲ್ಲೇ ಇರಬಹುದು. ಮೂರನೆಯ ಊರಲ್ಲಿ ಸಿಗಬಹುದು. ಮಾರ್ಬರಿಗೂ ತೈಯುವಾನ್ ಆಗಲಿಲ್ಲ, ಫೋಷಾನ್ ಆಗಲಿಲ್ಲ.

ಮತ್ತೆ ನಮಗೆಲ್ಲ ಒಂದು ಮಾತು. ಮುಂದಿನ ಸಲ ಯಾರೋ ಕುಸಿದು ಅಳುವ ವಿಡಿಯೊ ನಿಮ್ಮ ಮೊಬೈಲ್‌ಗೆ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಒಂದು ಕ್ಷಣ ನಿಲ್ಲಿ. ಆ ಮನುಷ್ಯನ ಮುಂದಿನ ಹತ್ತು ವರ್ಷದಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇವತ್ತಿಗೆ ಇಷ್ಟು.